ತಮಾಷೆಗೆ ಹಾಕಿದ್ದು, ಮೇಡಂ

19 ವರ್ಷದ ಹುಡುಗನೊಬ್ಬನ ಮೊಬೈಲ್ ಫೋನು ಕಳೆದ 14 ತಿಂಗಳಿಂದ ಬಿಳಿ ಬಟ್ಟೆಯ ಚೀಲವೊಂದರಲ್ಲಿ, ಬಾಯಿಗೆ ಅರಗಿನ ಮುದ್ರೆ ಹಾಕಿಸಿಕೊಂಡು, ಪಿ.ಎಫ್. (ಪ್ರಾಪರ್ಟಿ ಫಾರಂ) ನಂಬರಿನ ಚೀಟಿ ಹೊತ್ತು ಮುದ್ದೆಮಾಲಾಗಿ, ಅಂದರೆ ಪ್ರಕರಣದಲ್ಲಿ ಜಪ್ತಿಯಾದ ವಸ್ತುವಾಗಿ, ಬಿದ್ದಿದೆ. ಅದರ ಗಾಜು ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿದೆ, ಹಿಂಬದಿಯಲ್ಲಿ ಅವನ ತಂಗಿ ಅಂಟಿಸಿದ್ದ ಚಿಟ್ಟೆಯ ಚಿತ್ರವಿದೆ. ಜಪ್ತಿ ಮಹಜರಿನಲ್ಲಿ ಎರಡೂ ಬರೆಯಲ್ಪಟ್ಟಿವೆ. ಆ ಫೋನಿನಿಂದ ಅವನು ಮಾಡಿದ್ದೆಂದು ಹೇಳಲಾಗಿರುವ ಅಪರಾಧ, ಒಂದು ತಮಾಷೆಯ ಚಿತ್ರವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದು. ಆ ಪ್ರಕರಣದಲ್ಲಿ ನಾನು ಅವನ ವಕೀಲೆ. ನನ್ನ ಮನೆ ಚಿಂತಾಮಣಿಯಲ್ಲಿದೆ. ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ನ್ಯಾಯಾಲಯಗಳಲ್ಲಿ 22 ವರ್ಷಗಳಿಂದ ವಕಾಲತ್ತು ಹಾಕುತ್ತಿದ್ದೇನೆ. ಮನಸ್ಸು ನೋಯಿಸುವ ತಮಾಷೆಗೆ ಕಾನೂನಿನ ಶಿಕ್ಷೆ ಇರಬೇಕೇ ಎಂಬ ಪ್ರಶ್ನೆಯನ್ನು ಹೊತ್ತು ನನ್ನ ಕಚೇರಿಗೆ ಬಂದವರಲ್ಲಿ ಕೇಸಿನಿಂದ ಬಿಡಿಸಿ ಎಂದವರೂ ಇದ್ದಾರೆ, ಕೇಸು ಹಾಕಿಸಿ ಎಂದವರೂ ಇದ್ದಾರೆ. ಇಬ್ಬರ ಮಾತನ್ನೂ ಕೇಳಿದವಳಾಗಿ, ನಾನು ಎಲ್ಲಿ ನಿಂತಿದ್ದೇನೆ ಎಂಬುದನ್ನು ಒಮ್ಮೆ ಬರೆದಿಡಬೇಕೆನಿಸಿದೆ.

ಮೊದಲು ಆ ಫೋನಿನ ವಿಷಯ. ನಮ್ಮದು ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಸೀಮೆ. ಕೊಳವೆಬಾವಿ ಸಾವಿರ ಅಡಿ ದಾಟಿದರೂ ನೀರು ಸಿಗದೆ, ಸಿಕ್ಕ ಕಡೆ ಫ್ಲೋರೈಡ್ ಬೆರೆತು ಬಂದು, ಜನ ವರ್ಷಗಟ್ಟಲೆ ಹೋರಾಡಿದ ಮೇಲೆ, ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಇಲ್ಲಿನ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳು ಬಂದವು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂಬ ಕೂಗು ಇನ್ನೂ ನಿಂತಿಲ್ಲ. ಹಾಗೆ ತುಂಬಿದ ಕೆರೆಯೊಂದಕ್ಕೆ ಸ್ಥಳೀಯ ಮುಖಂಡರೊಬ್ಬರು ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಬಟ್ಟೆ ಇಟ್ಟು ಬಾಗಿನ ಅರ್ಪಿಸಿದರು. ಆ ಫೋಟೊ ತೆಗೆದುಕೊಂಡ ಈ ಹುಡುಗ ಕೆರೆಯ ಅಂಚಿಗೆ ಒಂದಿಷ್ಟು ನೊರೆ ಸೇರಿಸಿ, ಕೆಳಗೆ ಒಂದು ಸಾಲು ಬರೆದ. ನಮ್ಮ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹಾಗಾಗಿ ಹುಡುಗರು ತೆಲುಗನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ‘ಬಾಗಿನಂ ಇಚ್ಚಿನಾವು ಕದನ್ನಾ, ಒಕ ಲೋಟಾ ತಾಗಿ ಚೂಪಿಂಚು.’ ಬಾಗಿನ ಕೊಟ್ಟೆಯಲ್ಲ ಅಣ್ಣ, ಒಂದು ಲೋಟ ಕುಡಿದು ತೋರಿಸು, ಎಂದು.

ಎರಡು ದಿನಗಳಲ್ಲಿ ದೂರು ದಾಖಲಾಯಿತು. ಪ್ರಥಮ ವರ್ತಮಾನ ವರದಿಯ ಪ್ರತಿ ಈಗ ನನ್ನ ಮುಂದಿದೆ. ಅಣ್ಣ ಎಂಬ ಒಂದು ಮಾತಿನಲ್ಲಿ ಆ ಸಾಲಿನ ಸಲಿಗೆಯೆಲ್ಲ ಇತ್ತು. ಅನುವಾದದಲ್ಲಿ ಆ ಮಾತೇ ಇಲ್ಲ. ಅದರ ಬದಲು, ಸದರಿ ಆರೋಪಿಯು ಗಂಗಾಮಾತೆಗೆ ಅರ್ಪಿಸಿದ ಬಾಗಿನವನ್ನು ಹೀಯಾಳಿಸಿ, ಜನಪ್ರತಿನಿಧಿಗಳಿಗೆ ಕೊಳಚೆ ನೀರು ಕುಡಿಯುವಂತೆ ಅವಹೇಳನ ಮಾಡಿ, ಪಿರ್ಯಾದಿಯ ಧಾರ್ಮಿಕ ಭಾವನೆಗಳಿಗೆ ಧಕ್ಕೆಯುಂಟುಮಾಡಿರುತ್ತಾನೆ, ಎಂದಿದೆ. ನೀರಿನ ಶುದ್ಧತೆಯ ಪ್ರಶ್ನೆ ಹೀಗೆ ದೇವರ ಪ್ರಶ್ನೆಯಾಯಿತು. ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಬಂದು ಕೂತಿತು. ಅದು ಜಾಮೀನು ರಹಿತ ಅಪರಾಧ, 3 ವರ್ಷಗಳವರೆಗೆ ಸಜೆ.

ಹುಡುಗನ ತಂದೆ ಟೊಮೆಟೊ ಮಾರುಕಟ್ಟೆಯಲ್ಲಿ ಹಮಾಲಿ. ಕ್ರೇಟು ಹೊತ್ತು ಹೆಗಲ ಮೇಲೆ ಕಪ್ಪಾದ ಟವೆಲ್ಲನ್ನು ಕೈಯಲ್ಲಿ ಮುದುಡಿ ಹಿಡಿದು, ಬೆಳಗಿನ 5 ಗಂಟೆಗೆ ಅವರು ನಮ್ಮ ಮನೆಯ ಗೇಟಿನ ಹೊರಗೆ ನಿಂತಿದ್ದರು. ಮಗನನ್ನು ಹಿಂದಿನ ರಾತ್ರಿ 9 ಗಂಟೆಗೆ ಕರೆದೊಯ್ದಿದ್ದರು, ವಿಚಾರಿಸಿ ಕಳಿಸುತ್ತೇವೆ ಎಂದಿದ್ದರು, ಕಳಿಸಿರಲಿಲ್ಲ. ನಾನು ಠಾಣೆಗೆ ಹೋದಾಗ ಅವನು ಗೋಡೆಗೆ ಒರಗಿ ಬೆಂಚಿನ ಮೇಲೆ ಕುಳಿತಿದ್ದ. ನನ್ನನ್ನು ನೋಡಿ ಎದ್ದು ನಿಂತು ಅವನು ಹೇಳಿದ ಮೊದಲ ಮಾತು, ‘ತಮಾಷೆಗೆ ಹಾಕಿದ್ದು, ಮೇಡಂ. ಎಲ್ಲಾರೂ ನಕ್ಕಿದ್ರು.’

ಆ ಹುಡುಗನ ರಕ್ಷಣೆಗೆ ಕಾನೂನಿನಲ್ಲಿ ಏನೂ ಇಲ್ಲವೆಂದಲ್ಲ. ಧಾರ್ಮಿಕ ಭಾವನೆಗೆ ಸಂಬಂಧಿಸಿದ ಈ ಕಲಂ 1927ರಲ್ಲಿ ಬ್ರಿಟಿಷ್ ಸರ್ಕಾರ ದಂಡ ಸಂಹಿತೆಗೆ ಸೇರಿಸಿದ 295ಎ. ಹೊಸ ಸಂಹಿತೆಯಲ್ಲಿ ಅದರ ಸಂಖ್ಯೆ ಮಾತ್ರ ಬದಲಾಗಿದೆ ಎನ್ನಬಹುದು. 1957ರಲ್ಲಿಯೇ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಉದ್ದೇಶಪೂರ್ವಕವಾಗಿ ಹಾಗೂ ದುರುದ್ದೇಶದಿಂದ ಮಾಡಿದ ಅವಮಾನಕ್ಕೆ ಮಾತ್ರ ಇದು ಅನ್ವಯಿಸುತ್ತದೆ ಎಂದು ಹೇಳಿತ್ತು. ಪತ್ರಿಕೆಯೊಂದರ ಮುಖಪುಟದಲ್ಲಿ ಕ್ರಿಕೆಟಿಗ ಧೋನಿಯವರನ್ನು ವಿಷ್ಣುವಿನ ರೂಪದಲ್ಲಿ ಚಿತ್ರಿಸಿದ್ದಕ್ಕೆ ಅವರ ಮೇಲೆಯೇ ಹೂಡಿದ್ದ ಪ್ರಕರಣವನ್ನು 2017ರಲ್ಲಿ ರದ್ದು ಮಾಡಿದಾಗಲೂ ನ್ಯಾಯಾಲಯ ಅದನ್ನೇ ಹೇಳಿತು. 7 ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ತಾನಾಗಿ ಆಗಬೇಕಾದ ಕ್ರಮವಲ್ಲ, ಮೊದಲು ನೋಟಿಸು ಕೊಟ್ಟು ಕರೆಸಬೇಕು ಎಂಬ 2014ರ ಅರ್ನೇಶ್ ಕುಮಾರ್ ತೀರ್ಪು ಇದೆ. 3ರಿಂದ 7 ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಲ್ಲಿ ಎಫ್‌ಐಆರ್‌ಗೆ ಮುನ್ನ 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಲು ಅಪರಾಧ ಪ್ರಕರಣಗಳ ವಿಧಿವಿಧಾನ ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಂ ಅವಕಾಶ ಕೊಟ್ಟಿದೆ. ರಾಜ್ಯಸಭಾ ಸದಸ್ಯ ಇಮ್ರಾನ್ ಪ್ರತಾಪ್‌ಗಢಿಯವರು ಹಂಚಿಕೊಂಡ ಕವಿತೆಯೊಂದರ ಮೇಲೆ ಗುಜರಾತಿನಲ್ಲಿ ದಾಖಲಾದ ಪ್ರಕರಣವನ್ನು 2025ರ ಮಾರ್ಚ್ 28ರಂದು ರದ್ದುಪಡಿಸುತ್ತ, ಮಾತು ಮತ್ತು ಬರಹಕ್ಕೆ ಸಂಬಂಧಿಸಿದ ದೂರುಗಳಲ್ಲಿ ಪೊಲೀಸರು ಈ ಅವಕಾಶವನ್ನು ಬಳಸಿಕೊಳ್ಳಬೇಕು, ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ ವಿವೇಕಿಯ ಅಳತೆಯಿಂದ ನೋಡಬೇಕೇ ಹೊರತು ಪ್ರತಿಯೊಂದರಲ್ಲೂ ಅಪಾಯ ಕಾಣುವವರ ಅಳತೆಯಿಂದಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಇದೆಲ್ಲದರ ಜೊತೆಗೆ, 299ರ ಪ್ರಕರಣವನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು.

ಇಷ್ಟೆಲ್ಲ ರಕ್ಷಣೆ ಇದ್ದೂ ಆ ಹುಡುಗ ನಾಲ್ಕು ದಿನ ಒಳಗಿದ್ದ. ಪೂರ್ವಾನುಮತಿಯ ಮಾತು ಬರುವುದು ದೋಷಾರೋಪಣ ಪಟ್ಟಿಯ ಹೊತ್ತಿಗೆ. ಅಷ್ಟರೊಳಗೆ ಬಂಧನ, ಜಾಮೀನು, ಜಪ್ತಿ ಎಲ್ಲವೂ ಮುಗಿದಿರುತ್ತವೆ. ಜಾಮೀನುದಾರರಾಗಿ ಪಹಣಿ ಕೊಡುವ ಒಬ್ಬರನ್ನು ಹುಡುಕಲು ತಂದೆ ಮೂರು ಊರು ಅಲೆದರು. ಆ ಫೋನಿನಲ್ಲಿ ಅವನ ಕಾಲೇಜಿನ ನೋಟ್ಸು, ವಿದ್ಯಾರ್ಥಿವೇತನದ ಅರ್ಜಿಗೆ ಜೋಡಿಸಿದ ನಂಬರು, ತೀರಿಹೋದ ಅಜ್ಜಿಯ ಎರಡು ವಿಡಿಯೊ ಇವೆ. ಅದು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿ ಬರಬೇಕು, ವರದಿ ಬರಬೇಕು, ಆಮೇಲೆ ಬಿಡುಗಡೆಯ ಅರ್ಜಿ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಅವನಿಗೆ ಸಿಗಬಹುದಾಗಿದ್ದ ಕೆಲಸ ಪೊಲೀಸ್ ಪರಿಶೀಲನೆಯ ಹಂತದಲ್ಲಿ ಕೈತಪ್ಪಿತು. ಕೊನೆಗೊಂದು ದಿನ ಅವನು ಖುಲಾಸೆಯಾಗುತ್ತಾನೆ ಎಂದು ನಾನು ನಂಬಿದ್ದೇನೆ. ಆದರೆ ಖುಲಾಸೆಯ ದಿನ ಅವನಿಗೆ ಏನು ವಾಪಸು ಬರುತ್ತದೆ? ಬಟ್ಟೆಯ ಚೀಲದಿಂದ ತೆಗೆದ, ಬ್ಯಾಟರಿ ಸತ್ತ ಒಂದು ಫೋನು. ಜಾದವ್‌ಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಅವರನ್ನು ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿಯವರ ಕುರಿತ ವ್ಯಂಗ್ಯಚಿತ್ರವೊಂದನ್ನು ಇಮೇಲಿನಲ್ಲಿ ಕಳಿಸಿದ್ದಕ್ಕಾಗಿ 2012ರ ಏಪ್ರಿಲ್‌ನಲ್ಲಿ ಬಂಧಿಸಿದ್ದರು. ನ್ಯಾಯಾಲಯ ಅವರನ್ನು ಆ ಪ್ರಕರಣದಿಂದ ಬಿಡುಗಡೆ ಮಾಡಿದ್ದು 2023ರ ಜನವರಿಯಲ್ಲಿ. ಪ್ರಾಧ್ಯಾಪಕರಿಗೇ ಹತ್ತು ವರ್ಷ ಮೀರಿ ಹಿಡಿದರೆ ಹಮಾಲಿಯ ಮಗನಿಗೆ ಎಷ್ಟು ಹಿಡಿದೀತು?

ಇಂಥ ಪ್ರಕರಣಗಳಿಗೆ ಬಹುಕಾಲ ಬಾಗಿಲಾಗಿದ್ದದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ. 2008ರ ತಿದ್ದುಪಡಿಯಲ್ಲಿ ಸೇರಿ 2009ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಆ ಕಲಂ, ತೀವ್ರವಾಗಿ ನೋಯಿಸುವಂತಹ ಸಂದೇಶ ಕಳಿಸಿದವರಿಗೆ 3 ವರ್ಷಗಳವರೆಗೆ ಸಜೆ ವಿಧಿಸುತ್ತಿತ್ತು. ಕಿರಿಕಿರಿ, ಅನನುಕೂಲ ಎಂಬ ಪದಗಳೂ ಅದರಲ್ಲಿ ಇದ್ದವು. ಕಾನೂನು ವಿದ್ಯಾರ್ಥಿನಿಯಾಗಿದ್ದ ಶ್ರೇಯಾ ಸಿಂಘಾಲ್ ಅವರ ಅರ್ಜಿಯ ಮೇಲೆ 2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಚಲಮೇಶ್ವರ್ ಮತ್ತು ರೋಹಿಂಟನ್ ನಾರಿಮನ್ ಅವರ ಪೀಠ ಅದನ್ನು ಅಸಾಂವಿಧಾನಿಕವೆಂದು ಹೊಡೆದುಹಾಕಿತು. ಒಂದು ವಿಷಯವನ್ನು ಚರ್ಚಿಸುವುದು, ಅದರ ಪರವಾಗಿ ವಾದಿಸುವುದು, ಅದಕ್ಕಾಗಿ ಜನರನ್ನು ಕೆರಳಿಸುವುದು, ಈ ಮೂರೂ ಬೇರೆ ಬೇರೆ. ಮೂರನೆಯದನ್ನು ಮುಟ್ಟಿದಾಗ ಮಾತ್ರ ಸರ್ಕಾರ ಕೈ ಹಾಕಬಹುದು ಎಂದು ಆ ತೀರ್ಪು ಬಿಡಿಸಿ ಹೇಳಿತ್ತು. ಅಂದು ನಮ್ಮ ವಕೀಲರ ಸಂಘದಲ್ಲಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಆ ಸಂತೋಷ ಪೂರ್ತಿ ಉಳಿಯಲಿಲ್ಲ. ಸತ್ತ ಕಲಮಿನಡಿಯಲ್ಲಿ ಪೊಲೀಸರು ವರ್ಷಗಟ್ಟಲೆ ಪ್ರಕರಣ ದಾಖಲಿಸುತ್ತಲೇ ಹೋದರು. 2021ರಲ್ಲಿ ಸುಪ್ರೀಂ ಕೋರ್ಟೇ ಆಘಾತ ವ್ಯಕ್ತಪಡಿಸಿ, 2022ರಲ್ಲಿ ಅಂಥ ಪ್ರಕರಣಗಳನ್ನು ಕೈಬಿಡುವಂತೆ ಮತ್ತೆ ಆದೇಶಿಸಬೇಕಾಯಿತು.

ಇಷ್ಟು ಬರೆದುದನ್ನು ನೋಡಿ, ತಮಾಷೆ ಎಂದು ಯಾರು ಏನು ಬರೆದರೂ ಬಿಟ್ಟುಬಿಡಬೇಕೆಂಬುದು ನನ್ನ ಅಭಿಪ್ರಾಯವೆಂದು ಯಾರಾದರೂ ತಿಳಿದರೆ ನನಗೆ ದುಃಖವಾಗುತ್ತದೆ. ಏಕೆಂದರೆ 2023ರಲ್ಲಿ ನನ್ನ ಬಳಿಗೆ ಬಂದ ಇನ್ನೊಬ್ಬ ಯುವಕನ ಮುಖ ನನಗೆ ಮರೆತಿಲ್ಲ.

ಅವನು ದಲಿತ ಕೇರಿಯವನು, ಬಾಡಿಗೆ ಕಾರು ಓಡಿಸುತ್ತಿದ್ದ. ಮದುವೆಯ ದಿನ ಪೇಟ ಸುತ್ತಿ, ಕಪ್ಪು ಕನ್ನಡಕ ಹಾಕಿ, ತಾನು ಸಾಲ ಮಾಡಿ ಕೊಂಡ ಹಳೆಯ ಕಾರಿಗೆ ಒರಗಿ ತೆಗೆಸಿಕೊಂಡ ಫೋಟೊವನ್ನು ಯಾರೋ ಕತ್ತರಿಸಿ, ಅದರ ಮೇಲೆ ಅವನ ಜಾತಿಯ ಹೆಸರನ್ನೂ ಅವನ ತಂದೆ ಮಾಡುತ್ತಿದ್ದ ಕೆಲಸವನ್ನೂ ಸೇರಿಸಿ ಬರೆದು, ವಾಟ್ಸ್‌ಆ್ಯಪ್ ಸ್ಟಿಕ್ಕರು ಮಾಡಿದರು. ಊರಿನ ಇನ್ನೂರು ಜನರಿದ್ದ ಗುಂಪಿನಲ್ಲಿ ಅದು ಓಡಾಡಿತು. ಯಾರಾದರೂ ಹೊಸ ಬಟ್ಟೆ ಹಾಕಿದ ಫೋಟೊ ಕಳಿಸಿದರೆ ಉತ್ತರವಾಗಿ ಆ ಸ್ಟಿಕ್ಕರು ಬೀಳುತ್ತಿತ್ತು. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದಾಗ ಆರನೇ ತರಗತಿಯ ಹುಡುಗನೊಬ್ಬ ಆ ಸಾಲನ್ನು ಅವನ ಮುಖಕ್ಕೇ ಓದಿ ಓಡಿಹೋದ. ಮದುವೆಯಾಗಿ ಊರಿಗೆ ಬಂದು ಮೂರು ವಾರವಾಗಿದ್ದ ಅವನ ಹೆಂಡತಿ ನಲ್ಲಿಗೆ ನೀರಿಗೆ ಹೋಗುವುದನ್ನು ಬಿಟ್ಟಳು. ನನ್ನ ಮುಂದೆ ಕುಳಿತು ಅವನು ಫೋನಿನಲ್ಲಿ ಆ ಸ್ಟಿಕ್ಕರನ್ನು ತೋರಿಸುವಾಗ ಹೆಬ್ಬೆರಳಿನಿಂದ ಅಕ್ಷರಗಳನ್ನು ಮುಚ್ಚಿ, ಫೋಟೊ ಮಾತ್ರ ಕಾಣುವ ಹಾಗೆ ಹಿಡಿದಿದ್ದ. ‘ಫೋಟೊ ಚೆನ್ನಾಗೇ ಬಂದಿತ್ತು ಅಕ್ಕ’ ಎಂದ.

ಠಾಣೆಯಲ್ಲಿ ಅವನಿಗೆ ಸಿಕ್ಕ ಉತ್ತರ, ‘ಹುಡುಗರು ತಮಾಷೆಗೆ ಮಾಡಿದಾರೆ, ಬಿಟ್ಟಾಕಪ್ಪ.’ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 3(1)(ಆರ್) ಉಪಕಲಂ, ಸಾರ್ವಜನಿಕರಿಗೆ ಕಾಣುವಂಥ ಸ್ಥಳದಲ್ಲಿ ಅವಮಾನಿಸುವ ಉದ್ದೇಶದಿಂದ ಮಾಡಿದ ನಿಂದನೆಗೆ 6 ತಿಂಗಳಿಂದ 5 ವರ್ಷಗಳವರೆಗೆ ಶಿಕ್ಷೆ ವಿಧಿಸುತ್ತದೆ. ಅಂತರ್ಜಾಲದಲ್ಲಿ ಹಾಕಿದ್ದೂ ಸಾರ್ವಜನಿಕ ನೋಟಕ್ಕೆ ಬಿದ್ದಂತೆಯೇ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿತ್ತು; ಅದರ ಪ್ರತಿಯನ್ನೂ ಹಿಡಿದು ನಾನು ಹೋದೆ. ಎರಡು ವಾರ ಓಡಾಡಿದ ಮೇಲೆ ಆದದ್ದು, ಮಾಡಿದವರಲ್ಲಿ ಇಬ್ಬರನ್ನು ಕರೆಸಿ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡು ಕಳಿಸಿದ್ದು. ನ್ಯಾಯಾಲಯಕ್ಕೆ ನೇರ ಹೋಗೋಣವೆಂದೆ. ಅವನು ಒಪ್ಪಲಿಲ್ಲ. ‘ಅವರ ಹೊಲದ ಬದುವಿನ ಮೇಲೇ ನಮ್ಮ ದಾರಿ ಅಕ್ಕ’ ಎಂದ. ಆರು ತಿಂಗಳೊಳಗೆ ಗಂಡಹೆಂಡತಿ ಹೊಸಕೋಟೆಗೆ ಹೋದರು.

ನಮ್ಮ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟು ಕೊಂದರು. ಆರೋಪಿಗಳೆಲ್ಲ 2006ರಲ್ಲಿ ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆ ಕ್ರೌರ್ಯಕ್ಕೂ ಈ ಸ್ಟಿಕ್ಕರಿಗೂ ನೇರ ಸಂಬಂಧ ಕಲ್ಪಿಸುತ್ತಿಲ್ಲ. ಆದರೆ ಅಂಥದ್ದು ನಡೆದ ನೆಲದಲ್ಲಿ, ಸಾಕ್ಷಿ ಹೇಳಬೇಕಾದವರ ನಾಲಿಗೆ ಏಕೆ ಕಟ್ಟಿಹೋಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ ಸೀಮೆಯಲ್ಲಿ, ಜಾತಿ ಹಿಡಿದು ಆಡಿದ ಮಾತನ್ನು ತಮಾಷೆ ಎಂದು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಆ ಮಾತು ಕೇಳಿದವನಿಗೆ ಅದರ ಹಿಂದೆ ನಿಂತವರು ಎಷ್ಟು ಜನ, ಅವರ ಕೈಯಲ್ಲಿ ಏನಿದೆ ಎಂಬುದು ತಿಳಿದಿರುತ್ತದೆ.

ಹಾಗಾದರೆ ಕೆರೆಯ ಹುಡುಗನನ್ನು ಬಿಡಬೇಕು, ಸ್ಟಿಕ್ಕರಿನವರನ್ನು ಹಿಡಿಯಬೇಕು ಎನ್ನುವ ನನ್ನ ವಾದಕ್ಕೆ ಆಧಾರವೇನು? ನೊಂದುಕೊಂಡವರು ಎರಡೂ ಕಡೆ ಇದ್ದಾರೆ. ಮುಖಂಡರ ಬೆಂಬಲಿಗರಿಗೂ ನಿಜವಾಗಿಯೇ ನೋವಾಗಿದ್ದೀತು. ಅದನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ನೋವನ್ನೇ ಅಪರಾಧದ ಅಳತೆಗೋಲಾಗಿ ಮಾಡಿಕೊಂಡರೆ, ಯಾರ ನೋವು ಠಾಣೆಯ ತನಕ ನಡೆದುಹೋಗಬಲ್ಲದೋ ಅವರದೇ ಕಾನೂನಾಗುತ್ತದೆ. ನಾನು ಕೇಳುವ ಪ್ರಶ್ನೆ ಬೇರೆ. ಆ ತಮಾಷೆಯ ನಂತರ ಆ ಮನುಷ್ಯ ಅದೇ ಬೀದಿಯಲ್ಲಿ ಮೊದಲಿನಂತೆ ಓಡಾಡಬಲ್ಲನೇ? ಬೆಳಗ್ಗೆ ಡೇರಿಗೆ, ನಲ್ಲಿಗೆ, ಅಂಗಡಿಗೆ ಹೋಗಬಲ್ಲನೇ? ಬಾಗಿನ ಕೊಟ್ಟ ಮುಖಂಡರು ಮರುದಿನವೂ ಅದೇ ಕಾರಿನಲ್ಲಿ ಅದೇ ಕೆರೆ ಏರಿಯ ಮೇಲೆ ಹೋದರು. ಕಾರು ಓಡಿಸುವ ಹುಡುಗ ಊರು ಬಿಟ್ಟ. ಜಾತಿಯ ಹೆಸರಿನಲ್ಲಿ ಬದುಕುವ ಜಾಗವನ್ನೇ ಕಿತ್ತುಕೊಳ್ಳುವ ಮಾತು, ಕೊಲ್ಲುತ್ತೇನೆ ಕೆಡಿಸುತ್ತೇನೆ ಎಂಬ ಬೆದರಿಕೆ, ಹೆಣ್ಣುಮಗಳೊಬ್ಬಳ ಮುಖವನ್ನು ಬೇರೆಯವರ ಬೆತ್ತಲೆ ದೇಹಕ್ಕೆ ಅಂಟಿಸಿದ ಚಿತ್ರ, ಇವು ನಗುವಿನ ವೇಷ ತೊಟ್ಟು ಬಂದರೂ ಅಪರಾಧವೇ. ಇವುಗಳಿಗೆ ಹೊಸ ಕಾನೂನು ಬೇಕಿಲ್ಲ. ಇರುವ ಕಲಂಗಳನ್ನು ಠಾಣೆಯಲ್ಲಿ ಬರೆದುಕೊಂಡರೆ ಸಾಕು. ಅಂಗವೈಕಲ್ಯದ ವಿಷಯದಲ್ಲಿಯೂ ಹಾಗೆಯೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಂ ಸಾರ್ವಜನಿಕವಾಗಿ ಅವಮಾನಿಸುವುದನ್ನು ಶಿಕ್ಷಾರ್ಹವಾಗಿಸಿದೆ. ಅಂಗವೈಕಲ್ಯದ ಬಗ್ಗೆ ತಿಳಿವಳಿಕೆ ಮೂಡಿಸುವ ಹಾಸ್ಯ ಬೇರೆ, ಅಂಗವಿಕಲರನ್ನು ಕುಗ್ಗಿಸುವ ಹಾಸ್ಯ ಬೇರೆ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗೆರೆ ಎಳೆದು ತೋರಿಸಿದೆ.

ಈ ಅಳತೆಗೋಲು ನನಗೆ ಬಹಳ ದಿನ ಸಾಕೆನಿಸಿತ್ತು. ಕಳೆದ ವರ್ಷ ಬೇಸಿಗೆಯಲ್ಲಿ ಅದು ಕೈಕೊಟ್ಟಿತು.

ನಮ್ಮ ಎರಡೂ ಜಿಲ್ಲೆಗಳಲ್ಲಿ ಈಗ ಹೊಲಹೊಲಕ್ಕೂ ಕೃಷಿಹೊಂಡ. ನೀರು ಇಂಗದಿರಲೆಂದು ತಳಕ್ಕೂ ಬದಿಗೂ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಪಾಚಿ ಕಟ್ಟಿದ ಮೇಲೆ ಅದರ ಮೇಲೆ ಕಾಲು ನಿಲ್ಲುವುದಿಲ್ಲ, ಬಿದ್ದವರು ಹಿಡಿದು ಹತ್ತಲು ಅಲ್ಲಿ ಏನೂ ಸಿಗುವುದಿಲ್ಲ. ಬೇಲಿಯಿಲ್ಲದ ಅಂಥದೊಂದು ಹೊಂಡದಲ್ಲಿ 7 ವರ್ಷದ ಮಗುವೊಂದು ಮುಳುಗಿ ಸತ್ತಿತು. ಪಕ್ಕದ ಊರಿನ ಪದವಿ ವಿದ್ಯಾರ್ಥಿಯೊಬ್ಬ ಆ ಸುದ್ದಿಯ ಫೋಟೊದ ಮೇಲೆ ಈಜು ಕಲಿಯುವ ಬಗ್ಗೆ ಒಂದು ಸಾಲು ಬರೆದು ಸ್ಟೇಟಸ್ಸಿಗೆ ಹಾಕಿದ. ಆ ಸಾಲನ್ನು ನಾನು ಇಲ್ಲಿ ಬರೆಯಲಾರೆ. ಹಾಲುತುಪ್ಪದ ದಿನ, ಬಂದಿದ್ದ ನೆಂಟರೊಬ್ಬರ ಫೋನಿನಲ್ಲಿ ಅದು ಮಗುವಿನ ತಾಯಿಯ ಕಣ್ಣಿಗೆ ಬಿತ್ತು. ಮರುದಿನ ಮಗುವಿನ ಸೋದರಮಾವ ನನ್ನ ಕಚೇರಿಗೆ ಬಂದು, ಕುಳಿತುಕೊಳ್ಳದೆ, ‘ಇವನನ್ನ ಒಳಗೆ ಹಾಕಿಸಬೇಕು ಮೇಡಂ, ಯಾವ ಸೆಕ್ಷನ್ನು ಹೇಳಿ’ ಎಂದರು.

ನಾನು ಪುಸ್ತಕ ತೆಗೆದೆ. ಬೆದರಿಕೆಯಿಲ್ಲ, ಜಾತಿಯಿಲ್ಲ, ಧರ್ಮವಿಲ್ಲ, ಅಶ್ಲೀಲವಿಲ್ಲ. ಸತ್ತವರ ಮೇಲೆ ಹೊರಿಸಿದ ಅಪವಾದವೂ ಮಾನಹಾನಿಯಾಗಬಹುದು ಎಂಬ ವಿವರಣೆ ಸಂಹಿತೆಯಲ್ಲಿದೆ. ಆದರೆ ಆ ಸಾಲು ಮಗುವಿನ ಮೇಲೆ ಯಾವ ಅಪವಾದವನ್ನೂ ಹೊರಿಸಿರಲಿಲ್ಲ. ಅದು ಬರೀ ಕ್ರೂರವಾಗಿತ್ತು. ಸರಿಯಾಗಿ ಹೊಂದುತ್ತಿದ್ದದ್ದು ಒಂದೇ ಕಲಂ, ನಾನೇ ಸಂತೋಷಪಟ್ಟು ಬೀಳ್ಕೊಟ್ಟಿದ್ದ 66ಎ. ಬ್ರಿಟನ್ನಿನಲ್ಲಿ ಅಂಥ ಕಾನೂನು, 2003ರ ಸಂವಹನ ಕಾಯ್ದೆಯ 127ನೇ ಕಲಂ, ಬಳಕೆಯಲ್ಲಿತ್ತು. ಕಾಣೆಯಾಗಿದ್ದ ಬಾಲಕಿಯೊಬ್ಬಳ ಬಗ್ಗೆ ಫೇಸ್‌ಬುಕ್‌ನಲ್ಲಿ ಕೀಳು ತಮಾಷೆ ಬರೆದ ಯುವಕನಿಗೆ 2012ರ ಅಕ್ಟೋಬರಿನಲ್ಲಿ ಅಲ್ಲಿಯ ನ್ಯಾಯಾಲಯ 12 ವಾರಗಳ ಜೈಲು ವಿಧಿಸಿತ್ತು. ಸೋದರಮಾವ ಕೇಳುತ್ತಿದ್ದದ್ದು ಅದನ್ನೇ. ಆ ದಿನ ನನ್ನ ಮನಸ್ಸೂ ಅದನ್ನೇ ಕೇಳುತ್ತಿತ್ತು ಎಂಬುದನ್ನು ಮುಚ್ಚಿಡಲಾರೆ.

ಆ ಭಾನುವಾರ ನಾನು ಒಂದು ಕೆಲಸ ಮಾಡಿದೆ. ಲೀಗಲ್ ಹಾಳೆಯೊಂದನ್ನು ತೆಗೆದುಕೊಂಡು, ಈ ಹುಡುಗನನ್ನು ಹಿಡಿದು ಕೆರೆಯ ಹುಡುಗನನ್ನು ಬಿಡುವಂಥ ಕಲಮನ್ನು ನಾನೇ ಬರೆಯಲು ಕುಳಿತೆ. ತೀವ್ರವಾಗಿ ನೋಯಿಸುವ ಎಂದು ಆರಂಭಿಸಿದರೆ ಬಾಗಿನದ ಚಿತ್ರ ಬರುತ್ತದೆ, ಅದನ್ನು ಹೊಡೆದೆ. ಮೃತರ ಕುಟುಂಬಕ್ಕೆ ನೋವುಂಟುಮಾಡುವ ಎಂದು ಬರೆದೆ. ಒಡನೆಯೇ ಮಹಾರಾಷ್ಟ್ರದ ಪಾಲ್ಘರ್ ನೆನಪಾಯಿತು. 2012ರ ನವೆಂಬರಿನಲ್ಲಿ ಬಾಳಾ ಠಾಕ್ರೆಯವರು ನಿಧನರಾದಾಗ ಮುಂಬೈ ಸ್ತಬ್ಧವಾದುದನ್ನು ಪ್ರಶ್ನಿಸಿ ಒಬ್ಬ ಯುವತಿ ಫೇಸ್‌ಬುಕ್‌ನಲ್ಲಿ ಬರೆದಳು, ಇನ್ನೊಬ್ಬಳು ಲೈಕ್ ಒತ್ತಿದಳು, ಇಬ್ಬರೂ ಬಂಧನಕ್ಕೊಳಗಾದರು. 66ಎ ವಿರುದ್ಧದ ಹೋರಾಟಕ್ಕೆ ಕಾರಣವಾದದ್ದೇ ಅದು. ನನ್ನ ಹಾಳೆಯ ಕಲಂ ಮೊದಲು ಹಿಡಿಯುತ್ತಿದ್ದದ್ದು ಅವರನ್ನೇ. ಸಾರ್ವಜನಿಕ ವ್ಯಕ್ತಿಗಳನ್ನು ಹೊರತುಪಡಿಸಿ ಎಂದು ಸೇರಿಸಿದೆ. ಪಂಚಾಯಿತಿ ಸದಸ್ಯರ ತಂದೆ ಸಾರ್ವಜನಿಕ ವ್ಯಕ್ತಿಯೇ, ಗುತ್ತಿಗೆದಾರರೇ, ಮಠದವರೇ ಎಂಬುದನ್ನು ಮೊದಲು ನಿರ್ಧರಿಸುವವರು ಠಾಣೆಯ ರೈಟರು. ಮಕ್ಕಳ ಸಾವು ಎಂದು ಮಾತ್ರ ಬರೆದರೆ, ಆಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ಮಗು ಸತ್ತಾಗ ಅಧಿಕಾರಿಗಳನ್ನು ಕಟುವಾಗಿ ಗೇಲಿ ಮಾಡಿ ಬರೆದವನೂ ಸಿಕ್ಕಿಬೀಳುತ್ತಾನೆ. ದುರುದ್ದೇಶದಿಂದ ಎಂಬ ಪದವನ್ನು ಕೊನೆಗೆ ಸೇರಿಸಿದೆ. ಆದರೆ 299ರಲ್ಲಿ ಆ ಪದ ಈಗಾಗಲೇ ಇದೆ. ಅದು ಇದ್ದೂ ಹಮಾಲಿಯ ಮಗ ನಾಲ್ಕು ದಿನ ಒಳಗಿದ್ದ. ಸಂಜೆಯ ಹೊತ್ತಿಗೆ ಹಾಳೆಯ ಎರಡೂ ಬದಿ ತುಂಬಿತ್ತು, ಉಳಿದ ಸಾಲು ಒಂದೂ ಇರಲಿಲ್ಲ.

ಬರೆಯುವವರ ಜಾಣತನದ ಕೊರತೆ ಅದಲ್ಲ ಎಂದು ನನಗೆ ಅನ್ನಿಸುತ್ತದೆ. ತಮಾಷೆಯ ಅರ್ಥ ಅದನ್ನು ಹೇಳಿದವರು, ಕೇಳಿದವರು, ಹೇಳಿದ ಹೊತ್ತು, ಹೇಳಿದ ಭಾಷೆ ಇಷ್ಟನ್ನೂ ಕೂಡಿಕೊಂಡು ಹುಟ್ಟುತ್ತದೆ; ಅದನ್ನು ಎಫ್‌ಐಆರ್‌ನ ಕನ್ನಡಕ್ಕೆ ಇಳಿಸಿದಾಗ ಮೊದಲು ಉದುರಿಹೋಗುವುದೇ ಆ ಎಲ್ಲವೂ. 2010ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಹಿಮ ಬಿದ್ದು ವಿಮಾನ ನಿಲ್ದಾಣ ಮುಚ್ಚಿದಾಗ, ಒಂದು ವಾರ ಚಿಲ್ಲರೆ ದಿನದೊಳಗೆ ಸರಿಮಾಡದಿದ್ದರೆ ಅದನ್ನು ಸ್ಫೋಟಿಸಿಬಿಡುತ್ತೇನೆ ಎಂದು ಬೇಸತ್ತ ಪ್ರಯಾಣಿಕನೊಬ್ಬ ಟ್ವಿಟ್ಟರ್‌ನಲ್ಲಿ ಬರೆದ. ಅದೇ 127ನೇ ಕಲಮಿನಡಿಯಲ್ಲಿ ದಂಡ ಬಿತ್ತು, ಕೆಲಸ ಹೋಯಿತು. ಅದು ಬೆದರಿಕೆಯಲ್ಲವೆಂದು ಅಲ್ಲಿಯ ಹೈಕೋರ್ಟ್ ಒಪ್ಪಿಕೊಳ್ಳಲು 2012ರ ಜುಲೈ ಆಗಬೇಕಾಯಿತು. ಕ್ರೂರಿಯನ್ನು ಹಿಡಿದ ಕಲಮೇ ಈ ಪ್ರಯಾಣಿಕನನ್ನೂ ಹಿಡಿದಿತ್ತು.

ಸೋದರಮಾವನಿಗೆ ನಾನು ಹೇಳಿದ್ದು ಇಷ್ಟು: ಕೇಸು ಹಾಕುವುದು ಬೇಡ; ಊರ ಪಂಚಾಯಿತಿ ಕೂಡಿಸುವುದೂ ಬೇಡ, ದಂಡ ಬಹಿಷ್ಕಾರಗಳ ದಾರಿ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು; ಹುಡುಗನ ತಂದೆತಾಯಿಯ ಜೊತೆ ನಾನು ಮಾತನಾಡುತ್ತೇನೆ. ಹೊಸ ಸಂಹಿತೆಯಲ್ಲಿ ಸಮುದಾಯ ಸೇವೆ ಎಂಬ ಶಿಕ್ಷೆ ಮೊದಲ ಬಾರಿಗೆ ಬಂದಿದೆ, ಮಾನಹಾನಿಯೂ ಅದಕ್ಕೆ ಒಳಪಡುವ ಆರು ಅಪರಾಧಗಳಲ್ಲಿ ಒಂದು. ಜೈಲಿಗಿಂತ ಅದು ಎಷ್ಟೋ ಮೇಲು. ಆದರೆ ಇಲ್ಲಿ ಅದನ್ನು ವಿಧಿಸುವ ನ್ಯಾಯಾಲಯವಿರಲಿಲ್ಲ. ಹುಡುಗನ ತಾಯಿಗೆ ವಿಷಯ ತಿಳಿಸಿದಾಗ ಆಕೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದವರು ಹಾಗೆಯೇ ತಟ್ಟೆಯ ಪಕ್ಕದಲ್ಲಿ ಕುಳಿತುಬಿಟ್ಟರು. ಸಂಜೆ ಮಗನನ್ನು ಕರೆದುಕೊಂಡು ಆ ಮನೆಗೆ ಹೋದರು. ಹುಡುಗ ಬಾಗಿಲಲ್ಲೇ ನಿಂತ, ತಲೆ ಎತ್ತಲಿಲ್ಲ. ಮಗುವಿನ ತಾಯಿ ಅವನನ್ನು ಬೈಯಲಿಲ್ಲ. ಅದನ್ನು ಅಳಿಸಿದೆಯಾ ಎಂದು ಕೇಳಿದರು; ಅಳಿಸಿದ್ದೇನೆ ಎಂದ. ಬೇರೆಯವರ ಫೋನಿನಲ್ಲಿ ಇರುವುದನ್ನು? ಎಂದು ಕೇಳಿದರು. ಅದಕ್ಕೆ ಅವನ ಬಳಿಯೂ ಉತ್ತರವಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ.

ಮುಂದಿನ ವಾರ ಆ ಹೊಂಡದ ಸುತ್ತ ಕಲ್ಲು ಕಂಬ ನೆಟ್ಟು ತಂತಿ ಎಳೆದರು. ಗುಂಡಿ ತೋಡಿದ್ದು ಆ ಹುಡುಗ, ತಾನಾಗಿ ಬಂದು. ಯಾರೂ ಹೇಳಿರಲಿಲ್ಲವೆಂದು ಹೊಲದವರೇ ನನಗೆ ಹೇಳಿದರು. ಸೋದರಮಾವ ಆ ಕಡೆ ಸುಳಿಯಲಿಲ್ಲ. ತಿಂಗಳ ನಂತರ ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ನಾನೇ ಮಾತನಾಡಿಸಿದೆ. ‘ನಿಮ್ಮ ಮಾತು ಕೋರ್ಟಿಗೆ ಸರಿ ಇರಬಹುದು ಮೇಡಂ, ನಮ್ಮ ಅಕ್ಕನಿಗೆ ಸರಿ ಇಲ್ಲ’ ಎಂದು ಹೇಳಿ ಬಸ್ಸು ಹತ್ತಿದರು. ಅವರು ಇಂದಿಗೂ ಒಪ್ಪಿಲ್ಲ.